ಸಾಕ್ಷಿಯ ಹಿಂದಿನ ನಂಟು

ಗಿರಣಿಯ ಬಾಗಿಲಲ್ಲಿ ಗಲಭೆಯಾಯಿತೆಂದು ಕಾರ್ಮಿಕನ ಮೇಲೆ ಮೊಕದ್ದಮೆ ಬೀಳುತ್ತದೆ. ದಾರಿಹೋಕನೊಬ್ಬ ಸಾಕ್ಷಿಗೆ ನಿಲ್ಲುತ್ತಾನೆ. "ಮಾಲೀಕರಿಂದ ನೀನು ಗುತ್ತಿಗೆ ಪಡೆದಿಲ್ಲವೆ?" ಎಂದು ಕೇಳಿದರೆ "ಇಲ್ಲ ಸ್ವಾಮಿ" ಎನ್ನುತ್ತಾನೆ. ಸಾಲದ ದಾವೆಯಲ್ಲಿ ಸಣ್ಣ ಅಂಗಡಿಯವನ ಪಾಡೂ ಇದೇ. ಸಾಹುಕಾರನ ಋಣದಲ್ಲಿರುವವನೇ ಅಲ್ಲಿ ಸಾಕ್ಷಿ. ಇಲ್ಲವೆಂದನಲ್ಲ, ಇನ್ನೇನು ಮಾಡುವುದೆಂದು ನಮ್ಮವರು ಕೈಚೆಲ್ಲುತ್ತಾರೆ.

ಕೈಚೆಲ್ಲಬೇಕಾಗಿಲ್ಲ. ಸಾಕ್ಷಿಯ ನಡತೆಯನ್ನಷ್ಟೇ ಹಳಿಯುವ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಬೇರೆ ಪುರಾವೆಯಿಂದ ಅಲ್ಲಗಳೆಯುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಪ್ರಶ್ನೆ ಅವನ ನಿಷ್ಪಕ್ಷಪಾತವನ್ನು ಕುರಿತದ್ದಾಗಿ, ಅವನು ಅದನ್ನು ನಿರಾಕರಿಸಿದರೆ, ಹೊರಗಿನ ಪುರಾವೆ ತರಬಹುದು. 1872ರ ಸಾಕ್ಷ್ಯ ಕಾಯಿದೆಯ 153ನೆಯ ಕಲಮು ಹೀಗೆ ಹೇಳಿತ್ತು. ಎರಡು ಮನೆತನಗಳ ರಕ್ತವೈರವನ್ನು ಉದಾಹರಣೆಯಾಗಿ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 156ನೆಯ ಕಲಮಿನಲ್ಲಿ ಅದೇ ನಿಯಮವಿದೆ. ಸಾಕ್ಷಿ ಲಂಚ ಪಡೆದಿದ್ದರೆ ಅದನ್ನು ರುಜುಪಡಿಸಲು 158ನೆಯ ಕಲಮು ಅವಕಾಶ ಕೊಡುತ್ತದೆ.

ಆದರೆ ಮೊದಲು ಪಾಟೀಸವಾಲಿನಲ್ಲಿ ನೇರವಾಗಿ ಕೇಳಬೇಕು, ಪುರಾವೆ ಆಮೇಲಿನದು. ಆದ್ದರಿಂದ ರಸೀದಿ, ಕರಾರುಪತ್ರ, ಸಂಬಳದ ಚೀಟಿ ಯಾವುದನ್ನೂ ಬಿಸಾಡಬೇಡಿ. ವಿಚಾರಣೆಗೆ ಮೊದಲೇ ಅವನ್ನು ವಕೀಲರ ಕೈಗೆ ಕೊಡಿ.

ನಂಟಿದ್ದ ಮಾತ್ರಕ್ಕೆ ಮಾತು ಸುಳ್ಳಾಗದು ಎಂಬುದನ್ನೂ ನಾವು ಮರೆಯಬಾರದು. ಸಂಬಂಧಿ ಎಂಬ ಒಂದೇ ಕಾರಣಕ್ಕೆ ಸಾಕ್ಷಿಯನ್ನು ತಳ್ಳಿಹಾಕಲಾಗದೆಂದು ಸುಪ್ರೀಂ ಕೋರ್ಟು 1953ರಲ್ಲಿ, ದಲೀಪ್ ಸಿಂಗ್ ಮೊಕದ್ದಮೆಯಲ್ಲಿ, ಹೇಳಿತು. ಸಂಘದ ಗೆಳೆಯನ ಪರ ನಿಲ್ಲುವ ನಮ್ಮ ಕಾರ್ಮಿಕನಿಗೂ ಇದು ರಕ್ಷೆ. ನಂಟನ್ನು ಬಯಲಿಗೆ ತರುವುದು ನಮ್ಮ ಕೆಲಸ. ಅದನ್ನು ತೂಗಿ ನೋಡುವುದು ನ್ಯಾಯಾಲಯದ್ದು. ತಕ್ಕಡಿ ಮಾತ್ರ ಇಬ್ಬರಿಗೂ ಒಂದೇ ಆಗಿರಲಿ.