ರಕ್ತದೊತ್ತಡದ ಮಾತ್ರೆಯೂ ಕನ್ನಡದ ಅಕ್ಷರವೂ

ನಮ್ಮ ಮಂಡ್ಯ ಸೀಮೆಯಲ್ಲಿ ಅರವತ್ತು ದಾಟಿದ ಇಬ್ಬರು ಎದುರಾದರೆ, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಕಬ್ಬಿನ ಬಾಕಿ ಬಂತೋ ಇಲ್ಲವೋ ಎಂಬ ಮಾತು ಮೊದಲು ಬರುತ್ತಿದ್ದ ಕಾಲವೊಂದಿತ್ತು. ಈಗ ಮೊದಲ ಮಾತೇ ‘ಬಿಪಿ ಎಷ್ಟದೆ?’ ಎಂಬುದಾಗಿದೆ. ಇದರಲ್ಲಿ ಅತಿಶಯವೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಂತೆ, ನಮ್ಮ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಆದರೆ ಓದುಗ ಮಿತ್ರರೇ, ಕಾಯಿಲೆಗಿಂತಲೂ ಅದಕ್ಕೆ ಕೊಟ್ಟ ಮಾತ್ರೆಯನ್ನು ನಾವು ನುಂಗುತ್ತಿರುವ ಬಗೆಯೇ ನನಗೆ ಹೆಚ್ಚಿನ ಚಿಂತೆಯನ್ನು ತಂದಿದೆ.

ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ಸಂಜೆಯ ಹೊತ್ತು ಔಷಧಿ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೂಲಿಯ ದುಡ್ಡಿನಲ್ಲಿ ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಳ್ಳಲಾಗದವರು ‘ಐದು ಕೊಡಿ’ ಎನ್ನುತ್ತಾರೆ. ಅಂಗಡಿಯವರು ಕತ್ತರಿಯಿಂದ ಹಾಳೆಯನ್ನು ಕತ್ತರಿಸಿ ಕೊಡುತ್ತಾರೆ. ಔಷಧಿಯ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಇವೆಲ್ಲ ಬಹಳ ಸಲ ಅಂಗಡಿಯಲ್ಲೇ ಉಳಿದ ಇನ್ನೊಂದು ತುಂಡಿನಲ್ಲಿರುತ್ತವೆ. ರೋಗಿಯ ಕೈಗೆ ಬರುವುದು ಹೆಸರಿಲ್ಲದ ಬಿಳಿಯ ಗುಳಿಗೆ. ಮುಂದೆ ಆತ ಯಾವ ವೈದ್ಯರ ಬಳಿ ಹೋದರೂ ಹೇಳಬಲ್ಲದ್ದು ‘ಒಂದು ಸಣ್ಣ ಬಿಳೀ ಮಾತ್ರೆ ಸಾರ್’ ಎಂದಷ್ಟೇ. ಪ್ರಪಂಚದ ಅರ್ಧದಷ್ಟು ಮಾತ್ರೆಗಳು ಸಣ್ಣವೂ ಬಿಳಿಯವೂ ಆಗಿವೆ!

ಹಾಳೆಯನ್ನು ಪೂರ್ತಿ ಕೊಂಡರೂ ಫಲವೇನು? ಅದರ ಮೇಲಿರುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ಇಂಗ್ಲಿಷ್ ಅಕ್ಷರ. ಕೆಲವದರಲ್ಲಿ ಹಿಂದಿಯೂ ಇರುತ್ತದೆ, ಕನ್ನಡವಂತೂ ಕಾಣದು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆಯೂ ಅದೇ ಇಂಗ್ಲಿಷಿನಲ್ಲಿದೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧಿಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಲ್ಲಿ ಅದನ್ನು ತೆರೆದು ಓದಬಲ್ಲವರಿಗೆ ಒಳ್ಳೆಯದೇ. ಗದ್ದೆಯ ಬದುವಿನಲ್ಲಿ ಬುತ್ತಿಯ ಜೊತೆ ಮಾತ್ರೆ ನುಂಗುವ ತಾಯಿಗೆ ಅದು ಚೌಕಾಕಾರದ ರಂಗೋಲಿ ಮಾತ್ರ.

ಈ ಅಜ್ಞಾನದಿಂದಾಗುವ ಅಪಾಯ ಸಣ್ಣದಲ್ಲ. ಮಳವಳ್ಳಿಯ ವೈದ್ಯರು ಒಂದು ಕಂಪನಿಯ ಹೆಸರು ಬರೆದಿರುತ್ತಾರೆ. ಮಂಡ್ಯದ ವೈದ್ಯರು ಅದೇ ಔಷಧಿಯನ್ನು ಇನ್ನೊಂದು ಕಂಪನಿಯ ಹೆಸರಿನಲ್ಲಿ ಬರೆಯುತ್ತಾರೆ. ಹಳೆಯ ಚೀಟಿ ತೋರಿಸದಿದ್ದರೆ ರೋಗಿ ಎರಡನ್ನೂ ನುಂಗುತ್ತಾನೆ. ಒತ್ತಡ ತೀರಾ ಕುಸಿದು, ಬೆಳಗಿನ ಜಾವ ಬಚ್ಚಲಿಗೆಂದು ಎದ್ದವನು ತಲೆ ಸುತ್ತಿ ಬೀಳುತ್ತಾನೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು.

ಕನ್ನಡ ವ್ಯಾಕರಣ ಕಲಿಸಿದವನಾದ್ದರಿಂದ ನಾನೊಂದು ಉಪಾಯವನ್ನು ಹೇಳುತ್ತೇನೆ. ಪದದ ಕೊನೆಯ ಪ್ರತ್ಯಯವನ್ನು ನೋಡಿ ವಿಭಕ್ತಿಯನ್ನು ಗುರುತಿಸುವುದಿಲ್ಲವೇ? ಔಷಧಿಗಳಿಗೂ ಅಂಥ ಪ್ರತ್ಯಯಗಳಿವೆ. ಕಂಪನಿಯ ಹೆಸರನ್ನು ಬಿಟ್ಟು, ಅದರ ಜೊತೆಗಿರುವ ಮೂಲ ಹೆಸರಿನ ಕೊನೆಯನ್ನು ನೋಡಿ. ‘ಡಿಪಿನ್’ ಎಂದಿದ್ದರೆ ಅದು ಆಮ್ಲೊಡಿಪಿನ್‌ನ ಬಳಗ, ಪಾದ ಊದಿಕೊಳ್ಳುವುದುಂಟು. ‘ಪ್ರಿಲ್’ ಎಂದಿದ್ದರೆ ಎನಾಲಪ್ರಿಲ್ ಬಳಗ. ಕೆಲವರಿಗೆ ಬಿಡದ ಒಣಕೆಮ್ಮು ತರುತ್ತದೆ. ‘ಸಾರ್ಟನ್’ ಎಂದಿದ್ದರೆ ಟೆಲ್ಮಿಸಾರ್ಟನ್, ಲೊಸಾರ್ಟನ್ ಬಳಗ. ‘ಒಲಾಲ್’ ಎಂದಿದ್ದರೆ ಅಟೆನೊಲಾಲ್, ಮೆಟೊಪ್ರೊಲಾಲ್ ಬಳಗ. ಇವನ್ನು ತಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ನಿಮ್ಮ ಚೀಲದಲ್ಲಿ ಒಂದೇ ಪ್ರತ್ಯಯದ ಎರಡು ಹೆಸರುಗಳು ಕಂಡರೆ, ಅಥವಾ ‘ಪ್ರಿಲ್’, ‘ಸಾರ್ಟನ್’ ಎರಡೂ ಇದ್ದರೆ, ಅಂದೇ ವೈದ್ಯರನ್ನು ಕೇಳಿ. ಕಂಪನಿಯ ಹೆಸರಿನ ಮುಂದೆ ‘ಎಎಂ’ ಎಂಬ ಬಾಲವಿದ್ದರೆ ಬಹುಮಟ್ಟಿಗೆ ಅದರೊಳಗೆ ಆಮ್ಲೊಡಿಪಿನ್ ಸೇರಿದೆ ಎಂದೂ, ‘ಎಚ್’ ಇದ್ದರೆ ಮೂತ್ರ ಹೆಚ್ಚಿಸುವ ಔಷಧಿ ಸೇರಿದೆ ಎಂದೂ ತಿಳಿಯಬೇಕು.

ಇನ್ನೊಂದು ಮಾತು ನಮ್ಮಲ್ಲಿ ಬೇರೂರಿದೆ. ‘ಮೇಷ್ಟ್ರೇ, ಈಗ ನಾರ್ಮಲ್ ಆಗದೆ, ಇನ್ಯಾತಕ್ಕೆ ಮಾತ್ರೆ?’ ಎಂದು ಕೇಳುವ ಹಳೆಯ ಶಿಷ್ಯರು ಅನೇಕರು. ನಾರ್ಮಲ್ ಆಗಿರುವುದು ಮಾತ್ರೆಯಿಂದಲೇ ಅಲ್ಲವೇ? ಕಟ್ಟೆ ಇರುವುದರಿಂದಲೇ ನೀರು ನಿಂತಿದೆ. ನೀರು ನಿಂತಿತೆಂದು ಕಟ್ಟೆಯನ್ನು ಒಡೆಯುವವರುಂಟೇ? ಈ ಕಾಯಿಲೆ ಬಹುಕಾಲ ನೋವು ಕೊಡುವುದಿಲ್ಲ, ಕೂಗಿ ಹೇಳುವುದಿಲ್ಲ. ಒಂದು ದಿನ ಬಾಯಿ ಸೊಟ್ಟಗಾಗಿ, ಕೈಕಾಲು ಬಿದ್ದುಹೋದಾಗಲೇ ಹಲವರಿಗೆ ಅದರ ಅರಿವಾಗುವುದು.

ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಮ್ಮ ಕಡೆಯಿಂದ ಕಾಲ್ನಡಿಗೆಯಲ್ಲಿ ಹೊರಡುವವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಉಪವಾಸವೆಂದು ಬಿಪಿ ಮಾತ್ರೆಯನ್ನು ಬಿಟ್ಟು, ಕಾಲುನೋವಿಗೆಂದು ದಾರಿಯಲ್ಲಿ ಡೈಕ್ಲೊಫೆನಾಕ್ ನುಂಗುತ್ತ ಹೋಗುವುದು ಭಕ್ತಿಯಲ್ಲ. ಅಂಥ ನೋವಿನ ಮಾತ್ರೆಗಳು ರಕ್ತದೊತ್ತಡವನ್ನು ಏರಿಸುತ್ತವೆ. ‘ಸಾರ್ಟನ್’ ಅಥವಾ ‘ಪ್ರಿಲ್’ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿಯೂ ಇದ್ದರೆ, ಬಿಸಿಲಲ್ಲಿ ಬೆವರಿ ನೀರು ಕಳೆದುಕೊಂಡ ದೇಹದ ಮೂತ್ರಪಿಂಡಕ್ಕೇ ಪೆಟ್ಟು. ಕಬ್ಬು ಕಡಿಯುವವರಿಗೂ ಇದೇ ಮಾತು ಸಲ್ಲುತ್ತದೆ. ವಾಂತಿಭೇದಿಯಾದಾಗಲೂ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಬೇಕು.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆ ಬೇಡ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ವೈದ್ಯರು ಬೇರೆ ಹೇಳದಿದ್ದರೆ, ನೆನಪಿರುವ ಹೊತ್ತನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಅತ್ತೆಯ ಮಾತ್ರೆಯನ್ನು ಸೊಸೆಗೆ ಕೊಡಬೇಡಿ. ‘ಸಾರ್ಟನ್’, ‘ಪ್ರಿಲ್’ ಬಳಗದವು ಗರ್ಭಿಣಿಯ ಮಗುವಿಗೆ ಕೇಡು. ಸೈಂಧವ ಲವಣವೂ ಉಪ್ಪೇ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಈ ಬಳಗದ ಮಾತ್ರೆ ತಿನ್ನುವವರು ಕೇಳದೆ ಬಳಸಬಾರದು.

ಕೊಡುವ ಕೈಗಳಿಗೆ ಕೊರತೆಯಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಪರೀಕ್ಷೆಯೂ ಮಾತ್ರೆಯೂ ಉಚಿತ. ರಾಜ್ಯ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ಆಮೇಲೆ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ. ಕೊರತೆಯಿರುವುದು ಅಕ್ಷರದ್ದು. ಮಾತ್ರೆಯ ಮೂಲ ಹೆಸರು, ಪ್ರಮಾಣ, ನುಂಗುವ ಹೊತ್ತು ಈ ಮೂರನ್ನಾದರೂ ಕನ್ನಡದಲ್ಲಿ ಬರೆದು ಕೊಡುವುದು ಆಸ್ಪತ್ರೆಯ ಮತ್ತು ಅಂಗಡಿಯ ಕರ್ತವ್ಯವಾಗಬೇಕು. ಸರ್ಕಾರವು ಅದನ್ನು ನಿಯಮವಾಗಿಯೇ ತರಬೇಕು. ಅಂಗಡಿಯ ನಾಮಫಲಕದಲ್ಲಿ ಕನ್ನಡ ಬೇಕೆಂದು ಹೋರಾಡುವ ನಾವು, ಜೀವ ಉಳಿಸುವ ಗುಳಿಗೆಯ ಮೇಲೆ ಕನ್ನಡ ಬೇಕೆಂದು ಏಕೆ ಕೇಳಬಾರದು?

ಆ ನಿಯಮ ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಮನೆಯಲ್ಲೂ ಶಾಲೆಗೆ ಹೋಗುವ ಮಗುವೊಂದಿರುತ್ತದೆ. ಇದೇ ಭಾನುವಾರ ಅಜ್ಜ ಅಜ್ಜಿಯರ ಮಾತ್ರೆಗಳನ್ನೆಲ್ಲ ಮುಂದಿಟ್ಟು, ಹಳೆಯ ನೋಟುಪುಸ್ತಕದ ಒಂದು ಪುಟದಲ್ಲಿ ಅವುಗಳ ಹೆಸರನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಆ ಪುಟವೂ ಮಾತ್ರೆಗಳೂ ಚೀಲದಲ್ಲಿರಲಿ.