ಸಾಣಿಗೆ ಯಾರ ಕೈಯಲ್ಲಿದೆ?



ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿ ಮಾಡಿದ್ದ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದವನು. ಅವನ ಮಗಳು ಈಗ ಅಲ್ಲಿನ ಪ್ರತಿಷ್ಠಿತ ವಿಶ್ವವಿದ್ಯಾಲಯಗಳಿಗೆ ಅರ್ಜಿ ತುಂಬುತ್ತಿದ್ದಾಳೆ. “ಸರ, ಅರ್ಜಿಯೊಳಗ ತಂದಿ-ತಾಯಿ ಯಾವ ಕಾಲೇಜಿನ್ಯಾಗ ಕಲ್ತಾರ ಅಂತ ಕೇಳ್ತಾರ್ರಿ. ನಾ ಎಲ್ಲಿ ಕಲ್ತರ ಏನ್ರಿ? ಅಕಿ ಏನ್ ಕಲ್ತಾಳ ಅನ್ನೂದು ನೋಡಬೇಕಲ್ರಿ? ನಮ್ಮ ಸಿಇಟೀನ ಪಾಡ ಇತ್ತು” ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೊನೆಯ ಮಾತಿಗೆ ನಾನು ಪೂರ್ತಿ ತಲೆದೂಗಲಾರದೆ ಹೋದೆ. ಅದಕ್ಕೆ ಕಾರಣವನ್ನು ಇಲ್ಲಿ ಬರೆಯುತ್ತೇನೆ.

ಹಾರ್ವರ್ಡ್ ಸ್ಥಾಪನೆಯಾದದ್ದು 1636ರಲ್ಲಿ. ಬಹುಕಾಲ ಅಲ್ಲಿ ಪ್ರವೇಶ ಬಯಸುವವರಿಗೆ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಜ್ಞಾನ ಬೇಕಾಗಿತ್ತು. ಅವನ್ನು ಕಲಿಸುವ ಶಾಲೆಯ ಮುಖ ಕಾಣದ ಬಡವನಿಗೆ ಬಾಗಿಲು ತಾನಾಗಿಯೇ ಮುಚ್ಚಿದಂತಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಪರೀಕ್ಷೆಗಳಲ್ಲಿ ಚೆನ್ನಾಗಿ ತೇರ್ಗಡೆಯಾಗಿ ಒಳಗೆ ಬರತೊಡಗಿದರು. 1922ರ ವೇಳೆಗೆ ಹೊಸ ವಿದ್ಯಾರ್ಥಿಗಳಲ್ಲಿ ಸುಮಾರು ಐವರಿಗೆ ಒಬ್ಬರು ಯಹೂದಿಗಳು. ಆಗ ಅಧ್ಯಕ್ಷರಾಗಿದ್ದ ಲೊವೆಲ್ ಅವರು ಈ ಸಂಖ್ಯೆಗೆ ಮಿತಿ ಹಾಕಬೇಕೆಂದರು. ಬಹಿರಂಗವಾದ ಮಿತಿಗೆ ಅಧ್ಯಾಪಕರು ಒಪ್ಪಲಿಲ್ಲ. ಆದರೆ 1926ರಲ್ಲಿ ಅಂಕಗಳ ಜೊತೆಗೆ ‘ಶೀಲ, ವ್ಯಕ್ತಿತ್ವ’ಗಳನ್ನು ಅಳೆಯುವ ಪದ್ಧತಿ ಬಂದಿತು, ಅರ್ಜಿಯೊಡನೆ ಭಾವಚಿತ್ರ ಕೇಳಲಾಯಿತು. ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು. ಶೀಲವೆಂಬ ಪವಿತ್ರವಾದ ಮಾತನ್ನು ಬಾಗಿಲಿನ ಅಗಳಿಯಾಗಿ ಬಳಸಿದ ಕಥೆಯಿದು.

ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ನೀಡುವ ಆದ್ಯತೆಯೂ ಇದೇ ಬಗೆಯದು. 2018ರಲ್ಲಿ ನ್ಯಾಯಾಲಯದ ಮುಂದೆ ಬಂದ ಅಂಕಿ ಅಂಶಗಳ ಪ್ರಕಾರ, ಹಾರ್ವರ್ಡಿಗೆ ಅರ್ಜಿ ಹಾಕಿದ ಅಂಥ ಮಕ್ಕಳಲ್ಲಿ ಸುಮಾರು ಮೂವರಿಗೆ ಒಬ್ಬರು ಆಯ್ಕೆಯಾಗುತ್ತಿದ್ದರು. ಒಟ್ಟು ಅರ್ಜಿದಾರರಲ್ಲಿ ನೂರಕ್ಕೆ ಹತ್ತು ಮಂದಿಯೂ ಆಯ್ಕೆಯಾಗುತ್ತಿರಲಿಲ್ಲ. 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದುಪಡಿಸಿತು. ಆದರೆ ತಂದೆಯ ಪದವಿಗೆ ಸಿಗುವ ಮನ್ನಣೆಯನ್ನು ಆ ತೀರ್ಪು ಮುಟ್ಟಲಿಲ್ಲ.

ಹಾಗಾದರೆ ನಮ್ಮ ಮನೆಯೇನು ಹಸನಾಗಿತ್ತೆ? ಶತಮಾನಕ್ಕೂ ಹಿಂದೆ ಮುಂಬಯಿ ಕರ್ನಾಟಕದ ಹುಡುಗ ಪದವಿ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿದವು. ಮುಚ್ಚಿದ ಬಾಗಿಲನ್ನು ತೆರೆಯುವುದೇ ಆ ಹಿರಿಯರ ಸಂಕಲ್ಪವಾಗಿತ್ತು. ಆದರೆ ಮುಂದಿನ ದಶಕಗಳಲ್ಲಿ ನಾಡಿನಾದ್ಯಂತ ‘ಡೊನೇಷನ್’ ಎಂಬ ಹೊಸ ಬೀಗ ಬಿತ್ತು. 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಷನ್ ಶುಲ್ಕವನ್ನು ಕಾನೂನಿನ ಮೂಲಕ ನಿಷೇಧಿಸಿದರೂ ಅದು ನಿಲ್ಲಲಿಲ್ಲ. ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣವನ್ನೇ ನೋಡಿ: ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ವರ್ಷದ ಶುಲ್ಕ ಸರಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನ ಬೆನ್ನಲ್ಲೇ, 1994ರಲ್ಲಿ ಸಿಇಟಿ ಬಂದಿತು. ನನ್ನ ವಿದ್ಯಾರ್ಥಿ ಒಳಗೆ ಹೋದದ್ದು ಆ ಬಾಗಿಲಿನಿಂದಲೇ. ಅದರ ಉಪಕಾರವನ್ನು ನಾನೂ ಮರೆತಿಲ್ಲ.

ಆದರೂ ಒಂದು ಘಟನೆ ನನ್ನನ್ನು ಕಾಡುತ್ತದೆ. ಹುನಗುಂದದ ಕಡೆಯ ಒಂದು ಹಳ್ಳಿಯ ಹುಡುಗ. ಊರಿನ ಶಾಲೆಯಲ್ಲಿದ್ದದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. ಎಂಟರಿಂದ ಹತ್ತರವರೆಗೆ ಇಳಕಲ್ಲಿಗೆ ಬಂದು ಓದಿದ. ಬೆಳಗಿನ ಬಸ್ಸು ತಪ್ಪಿದರೆ ನಡೆದೇ ಬರುತ್ತಿದ್ದ. ತಡವಾಗಿ ಬಂದನೆಂದು ನಾನೇ ಎಷ್ಟೋ ಸಲ ಗದರಿಸಿದ್ದುಂಟು. 2008ರಲ್ಲಿ ಅವನು ಸೀಟಿಗಾಗಿ ಹೋದಾಗ ಗ್ರಾಮೀಣ ಮೀಸಲಾತಿ ದೊರೆಯಲಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಮಾತ್ರ ಆ ಶೇಕಡಾ 15ರ ಪಾಲು. ಇಳಕಲ್ಲು ಪೇಟೆಯ ಊರು. ಹೀಗಾಗಿ ಮೂರು ವರ್ಷ ಬಸ್ಸಿನಲ್ಲಿ ಬಂದು ಹೋದ ಹಳ್ಳಿಯ ಹುಡುಗ ಕಾಗದದ ಮೇಲೆ ಪೇಟೆಯವನಾದ. ಅವನ ತಂದೆ ನನ್ನ ಮುಂದೆ ಕುಳಿತು, “ಮಾಸ್ತರ, ಊರಾಗ ಹೈಸ್ಕೂಲ್ ಇದ್ದಿದ್ರ ನಾ ಯಾಕ ಪ್ಯಾಟಿಗೆ ಕಳಸ್ತಿದ್ನಿರಿ?” ಎಂದು ಕೇಳಿದ. ನಲವತ್ತು ಹುಡುಗರ ಪ್ರಶ್ನೆಗೆ ನಿಂತಲ್ಲೇ ಉತ್ತರಿಸುತ್ತಿದ್ದ ನನ್ನಲ್ಲಿ ಅವನಿಗೆ ಉತ್ತರವಿರಲಿಲ್ಲ. ಹುಡುಗ ಬಿ.ಎಸ್ಸಿ. ಮಾಡಿ ಈಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾನೆ. ಅವನ ಬದುಕು ಹಾಳಾಗಲಿಲ್ಲವೆಂಬ ಮಾತ್ರಕ್ಕೆ ಆ ನಿಯಮ ಸರಿಯಾಗುವುದಿಲ್ಲ.

ಅದೇ ನಿಯಮದ ಇನ್ನೊಂದು ಮುಖವನ್ನೂ ನೋಡಬೇಕು. ಉಳಿದ ಷರತ್ತುಗಳು ಹೊಂದಿದರೆ, ಪುರಸಭೆಯ ಗಡಿಯ ಆಚೆ ಹೊಲದ ನಡುವೆ ಕಟ್ಟಿದ ವಸತಿಶಾಲೆಯಲ್ಲಿ ಓದಿದ ಪೇಟೆಯ ಮಗು ‘ಗ್ರಾಮೀಣ’ವಾಗಬಹುದು. ಸಾಣಿಗೆಯ ಕಣ್ಣು ಕಾಳಿನ ಗುಣವನ್ನು ಅಳೆಯುವುದಿಲ್ಲ, ಗಾತ್ರವನ್ನು ಮಾತ್ರ ಅಳೆಯುತ್ತದೆ. ಆ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸುವವರು ಮನುಷ್ಯರೇ. ಹಾರ್ವರ್ಡಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಪ್ರತಿಭೆ ಎಂಬುದು ಆಕಾಶದಿಂದ ಇಳಿದ ಅಳತೆಯಲ್ಲ. ಮಗು ಎಲ್ಲಿಗೆ ಮುಟ್ಟಿತು ಎಂಬುದರ ಜೊತೆಗೆ ಎಲ್ಲಿಂದ ಹೊರಟಿತು ಎಂಬುದನ್ನೂ ಕೇಳದ ಅಳತೆ ಅರ್ಧ ಅಳತೆಯೇ.

ನಿಯಮ ಸಡಿಲಿಸಿದರೆ ಸುಳ್ಳು ಪ್ರಮಾಣಪತ್ರಗಳು ಹೆಚ್ಚುತ್ತವೆ ಎನ್ನುವವರಿದ್ದಾರೆ. ಅವರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಅಂಥ ಪತ್ರ ಕೇಳಿಕೊಂಡು ನನ್ನ ಮನೆಗೂ ಜನ ಬಂದಿದ್ದಾರೆ. ಆದರೆ ಇಂದು ನಮ್ಮ ರಾಜ್ಯದ ಪ್ರತಿಯೊಂದು ಮಗು ಯಾವ ವರ್ಷ ಯಾವ ಶಾಲೆಯಲ್ಲಿತ್ತು ಎಂಬುದು ಇಲಾಖೆಯ ಗಣಕದಲ್ಲಿಯೇ ದಾಖಲಾಗುತ್ತದೆ. ಊರಲ್ಲಿ ಪ್ರೌಢಶಾಲೆ ಇಲ್ಲದೆ ಹತ್ತಿರದ ಪಟ್ಟಣದ ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೋದ ಮಗುವಿನ ಆ ಮೂರು ವರ್ಷಗಳನ್ನೂ ಗ್ರಾಮೀಣವೆಂದೇ ಎಣಿಸಬೇಕು. ನಾನು ಕೇಳುವುದು ಇಷ್ಟೇ.

ನಿಮ್ಮಲ್ಲಿ ಕೆಲವರು ಇಂದು ಅಧಿಕಾರಿಗಳಾಗಿದ್ದೀರಿ, ಕೆಲವರು ಆಡಳಿತ ಮಂಡಳಿಗಳಲ್ಲಿದ್ದೀರಿ. ಸಾಣಿಗೆ ಈಗ ನಿಮ್ಮ ಕೈಗೆ ಬಂದಿದೆ. ಅರ್ಜಿಯೊಂದನ್ನು ಬದಿಗೆ ಸರಿಸುವ ಮುನ್ನ, ಆ ಮಗು ಯಾವ ಊರಿನ ಬಸ್ಸು ಹಿಡಿದು ಬಂದಿತೆಂದು ಒಮ್ಮೆ ಕೇಳಿರಿ. ಅಮೆರಿಕೆಯ ಆ ಕೂಸಿಗೆ ಅವಳ ಅರ್ಹತೆಗೆ ತಕ್ಕ ಕಾಲೇಜು ದೊರೆಯಲಿ.