ಎಲ್ಲ ಪ್ರವೇಶ ಪರೀಕ್ಷೆಗಳನ್ನೂ ಬರೆಯಲೇಬೇಕೇ?

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳ ಪಾಲಿಗೆ ಬೇಸಿಗೆಯೆಂದರೆ ಪರೀಕ್ಷೆಗಳ ಸರಮಾಲೆ. 2025ನೆಯ ಸಾಲನ್ನೇ ನೋಡೋಣ. ಮಾರ್ಚ್ ತಿಂಗಳಲ್ಲಿ ಪಿಯು ಪರೀಕ್ಷೆ-1, ಏಪ್ರಿಲ್ ಆರಂಭದಲ್ಲಿ ಜೆಇಇ ಮೇನ್‌ನ ಎರಡನೆಯ ಸುತ್ತು, ಏಪ್ರಿಲ್ 16 ಮತ್ತು 17ರಂದು ಸಿಇಟಿ, ಮೇ 4ರಂದು ನೀಟ್, ಮೇ 10ರಂದು ಕಾಮೆಡ್-ಕೆ. ಇವುಗಳ ನಡುವೆಯೇ ಪಿಯು ಪರೀಕ್ಷೆ-2 ಕೂಡ ನಡೆಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದಿಂದ ಶ್ರೀಮಠಕ್ಕೆ ಬರುವ ಪಾಲಕರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: ಇವುಗಳಲ್ಲಿ ಒಂದನ್ನು ಬಿಟ್ಟರೆ ಮಗುವಿನ ಭವಿಷ್ಯಕ್ಕೆ ಧಕ್ಕೆಯಾದೀತೇ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಯಾವ ಪರೀಕ್ಷೆ ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದನ್ನು ತಿಳಿಯಬೇಕು. ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಹೊರತು ಬೇರೆ ದಾರಿಯಿಲ್ಲ. ಸುರತ್ಕಲ್ಲಿನ ಎನ್‌ಐಟಿಗೆ ಜೆಇಇ ಮೇನ್ ಬೇಕು. ಧಾರವಾಡದ ಐಐಟಿಯನ್ನು ಬಯಸುವವರು ಅದನ್ನು ದಾಟಿ ಜೆಇಇ ಅಡ್ವಾನ್ಸ್ಡ್ ಬರೆಯಬೇಕು. ಜೆಇಇ ಮೇನ್ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಲ ನಡೆಯುತ್ತದೆ. ಎರಡರಲ್ಲಿ ಉತ್ತಮವಾದುದನ್ನೇ ಪರಿಗಣಿಸುವುದರಿಂದ ಜನವರಿಯ ಫಲಿತಾಂಶ ತೃಪ್ತಿಕರವಾಗಿದ್ದವರು ಏಪ್ರಿಲ್ ಸುತ್ತನ್ನು ನಿಶ್ಚಿಂತೆಯಿಂದ ಬಿಡಬಹುದು.

ಸಿಇಟಿ ಮತ್ತು ಕಾಮೆಡ್-ಕೆಗಳ ವಿಚಾರ ಹೆಚ್ಚು ಸೂಕ್ಷ್ಮವಾದುದು. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಸೀಟುಗಳಲ್ಲಿ ಸಾಮಾನ್ಯವಾಗಿ ಶೇ. 45ರಷ್ಟು ಸರ್ಕಾರಿ ಕೋಟಾಕ್ಕೆ, ಶೇ. 30ರಷ್ಟು ಕಾಮೆಡ್-ಕೆಗೆ ಸಲ್ಲುತ್ತವೆ. ಉಳಿದವು ಆಡಳಿತ ಮಂಡಳಿಯವು. ಮೈಸೂರು ರಸ್ತೆಯ ಆರ್.ವಿ. ಕಾಲೇಜಿನಲ್ಲಾಗಲಿ, ಕೆಂಗೇರಿ ಬಳಿಯ ಜೆಎಸ್ಎಸ್ ತಾಂತ್ರಿಕ ವಿದ್ಯಾಲಯದಲ್ಲಾಗಲಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರು ಸಿಇಟಿಯಿಂದಲೂ ಮತ್ತೊಬ್ಬರು ಕಾಮೆಡ್-ಕೆಯಿಂದಲೂ ಬಂದಿರಬಹುದು. ಪಾಠ ಒಂದೇ, ಪದವಿ ಒಂದೇ. ಶುಲ್ಕ ಮಾತ್ರ ಬೇರೆ. ಕಾಮೆಡ್-ಕೆ ಸೀಟಿನ ಶುಲ್ಕ ಸರ್ಕಾರಿ ಕೋಟಾದ ಶುಲ್ಕಕ್ಕಿಂತ ಬಹಳ ಹೆಚ್ಚು.

ಇನ್ನೊಂದು ವ್ಯತ್ಯಾಸವೂ ಇದೆ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ, ಸಿಇಟಿ ಅಂಕಗಳು ಅರ್ಧ. ಕಾಮೆಡ್-ಕೆಯಲ್ಲಿ ಒಂದು ದಿನದ ಪರೀಕ್ಷೆಯೇ ಸರ್ವಸ್ವ. ವರ್ಷವಿಡೀ ಶ್ರದ್ಧೆಯಿಂದ ಓದಿದ ಮಗುವಿನ ಶ್ರಮಕ್ಕೆ ಸಿಇಟಿಯಲ್ಲಿ ಬೆಲೆಯಿದೆ. ನಮ್ಮ ಸಮುದಾಯಕ್ಕೆ ಅನ್ವಯಿಸುವ 3ಬಿ ಪ್ರವರ್ಗದ ಮೀಸಲಾತಿ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ, ಬಡ ಕುಟುಂಬಗಳಿಗೆ ಬೋಧನಾ ಶುಲ್ಕದ ವಿನಾಯಿತಿ ನೀಡುವ ಹೆಚ್ಚುವರಿ ಸೀಟುಗಳು ದೊರೆಯುವುದೂ ಸಿಇಟಿಯ ಮಾರ್ಗದಲ್ಲಿಯೇ.

ಆದುದರಿಂದ ನೀಟ್ ಒಂದನ್ನೇ ನಂಬಿ ಸಿಇಟಿಯನ್ನು ಕೈಬಿಡುವ ಜೀವಶಾಸ್ತ್ರದ ವಿದ್ಯಾರ್ಥಿಗಳು ಮರುಚಿಂತನೆ ಮಾಡಬೇಕು. ಕೃಷಿ ವಿಜ್ಞಾನ, ಪಶುವೈದ್ಯಕೀಯ, ನರ್ಸಿಂಗ್ ಕೋರ್ಸುಗಳ ಬಾಗಿಲು ಸಿಇಟಿ. 2024ರ ನೀಟ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕಗಳ ಗೊಂದಲ ಎದ್ದಾಗ 1563 ಅಭ್ಯರ್ಥಿಗಳ ಕೃಪಾಂಕ ರದ್ದಾಗಿ ಅವರಿಗೆ ಮರುಪರೀಕ್ಷೆಯ ಅವಕಾಶ ನೀಡಲಾಯಿತು. ಇಡೀ ಪರೀಕ್ಷೆ ರದ್ದಾಗದೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಜುಲೈ 23 ಆಗಿತ್ತು. ಆ ಅನಿಶ್ಚಿತತೆಯ ವಾರಗಳಲ್ಲಿ ಸಿಇಟಿ ಬರೆದಿದ್ದವರಿಗೆ ನಿಲ್ಲಲು ಒಂದು ನೆಲೆಯಿತ್ತು.

ಪರೀಕ್ಷೆಯನ್ನು ವಿದ್ಯಾರ್ಥಿ ಬಿಡುವುದು ಒಂದು ಬಗೆ. ವ್ಯವಸ್ಥೆಯೇ ರದ್ದುಪಡಿಸುವುದು ಇನ್ನೊಂದು. ಕೊರೋನಾ ಕಾಲದಲ್ಲಿ, 2021ರ ಜೂನ್ 4ರಂದು, ರಾಜಾಜಿನಗರದ ಶಾಸಕರೂ ಅಂದಿನ ಶಿಕ್ಷಣ ಸಚಿವರೂ ಆಗಿದ್ದ ಸುರೇಶ್ ಕುಮಾರ್ ಅವರು ದ್ವಿತೀಯ ಪಿಯು ಪರೀಕ್ಷೆಯ ರದ್ದತಿಯನ್ನು ಪ್ರಕಟಿಸಿದರು. ಮಕ್ಕಳ ಪ್ರಾಣರಕ್ಷಣೆಯ ದೃಷ್ಟಿಯಿಂದ ಅದು ಅನಿವಾರ್ಯವಾಗಿತ್ತು. ಹಿಂದಿನ ತರಗತಿಗಳ ಸಾಧನೆಯನ್ನಾಧರಿಸಿ ಅಂಕ ನೀಡಿದಾಗ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಬಂದವು. ಆ ವರ್ಷ ಸಿಇಟಿ ಅಂಕಗಳಿಂದಷ್ಟೇ ರ‍್ಯಾಂಕ್ ನಿರ್ಧಾರವಾಯಿತು. ಮರುವರ್ಷ ಅದೇ ತಂಡದ ವಿದ್ಯಾರ್ಥಿಗಳು ಪುನಃ ಸಿಇಟಿ ಬರೆದಾಗ ಅವರ ಪಿಯು ಅಂಕಗಳನ್ನು ಪರೀಕ್ಷಾ ಪ್ರಾಧಿಕಾರ ಪರಿಗಣಿಸಲಿಲ್ಲ. ಅವರು ಹೈಕೋರ್ಟ್ ಮೆಟ್ಟಿಲೇರಿದರು. 2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪಿತ್ತಿತು. ಬಳಿಕ ವಿಭಾಗೀಯ ಪೀಠದ ಮುಂದೆ, ಅವರ ಪಿಯು ಅಂಕಗಳಲ್ಲಿ ಒಂದಿಷ್ಟು ಭಾಗವನ್ನು ಕಳೆದು ಉಳಿದುದನ್ನು ಪರಿಗಣಿಸುವ ಸೂತ್ರ ಒಪ್ಪಿತವಾಯಿತು. ಅಷ್ಟರಲ್ಲಿ ಹೊಸ ತಂಡದ ಪ್ರವೇಶವೂ ವಿಳಂಬಗೊಂಡಿತ್ತು. ರದ್ದುಪಡಿಸಿದ್ದರಲ್ಲಿ ದೋಷವಿರಲಿಲ್ಲ, ರದ್ದಾದ ಪರೀಕ್ಷೆಯ ಅಂಕಕ್ಕೆ ಮುಂದೆ ಯಾವ ಬೆಲೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕಾಗಿತ್ತು. ಆಳುವವರು ಈ ಪಾಠವನ್ನು ಮರೆಯಬಾರದು.

ಪಾಲಕರ ಪ್ರಶ್ನೆಗೆ ಈಗ ಮರಳೋಣ. ನಾವು ಹೇಳುವ ಅಳತೆಗೋಲು ಸರಳವಾದುದು. ಸೀಟು ದೊರೆತರೂ ಮಗು ಸೇರಲು ಇಚ್ಛಿಸದ, ಅಥವಾ ಕುಟುಂಬ ಶುಲ್ಕ ಭರಿಸಲಾಗದ ಬಾಗಿಲಿನ ಪರೀಕ್ಷೆಯನ್ನು ಬಿಡುವುದರಲ್ಲಿ ನಷ್ಟವಿಲ್ಲ. ಸಾಲ ಮಾಡಿ ಕಾಮೆಡ್-ಕೆ ಶುಲ್ಕ ಕಟ್ಟುವ ಶಕ್ತಿಯಿಲ್ಲದ ಮನೆಯ ಮಗು ಆ ದಿನಗಳನ್ನು ಪಿಯು ಪರೀಕ್ಷೆ-2ರಲ್ಲಿ ಅಂಕ ಉತ್ತಮಪಡಿಸಿಕೊಳ್ಳಲು ಬಳಸಬಹುದು. ಗಣಿತ, ಭೌತಶಾಸ್ತ್ರಗಳಲ್ಲಿ ಒಲವಿರುವ ಮಗುವಿಗೆ ನೆರೆಮನೆಯವರ ಮಾತು ಕೇಳಿ ನೀಟ್ ಹೇರಬೇಕಾಗಿಲ್ಲ. ಆದರೆ ಭಯದಿಂದ, ಪರೀಕ್ಷೆಯ ಹಿಂದಿನ ರಾತ್ರಿ ಬಿಡುವುದು ಬೇರೆ. ನಿರ್ಧಾರವು ಅರ್ಜಿ ಸಲ್ಲಿಸುವ ಮುನ್ನವೇ, ಮಗುವಿನೊಡನೆ ಕುಳಿತು, ಮನೆಯ ಲೆಕ್ಕವನ್ನೂ ಮುಂದಿಟ್ಟುಕೊಂಡು ಆಗಬೇಕು. ಸಿಇಟಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿರಬೇಕು. ಅವುಗಳ ಆರ್‌ಡಿ ಸಂಖ್ಯೆ ಇಲ್ಲದೆ ಮೀಸಲಾತಿ ಕೈತಪ್ಪಿದರೆ ಮಗುವಿನ ಓದು ಅದನ್ನು ತುಂಬಿಕೊಡಲಾರದು.

ಬಸವಾದಿ ಶರಣರು ಕಾಯಕವನ್ನು ಮೇಲು-ಕೀಳೆಂದು ಅಳೆಯಲಿಲ್ಲ. ವೈದ್ಯರೂ ಇಂಜಿನಿಯರರೂ ಕೃಷಿ ವಿಜ್ಞಾನಿಯೂ ದಾದಿಯೂ ಸಮಾಜಕ್ಕೆ ಸಮಾನವಾಗಿ ಬೇಕಾದವರು. ಯಾವ ಕಾಯಕಕ್ಕೆ ಮಗುವಿನ ಮನಸ್ಸು ಒಲಿಯುತ್ತದೆಯೋ ಅದನ್ನು ಮೊದಲು ಗುರುತಿಸಿದರೆ ಬರೆಯಬೇಕಾದ ಪರೀಕ್ಷೆ ಯಾವುದು, ಬಿಡಬಹುದಾದುದು ಯಾವುದು ಎಂಬುದು ತಾನಾಗಿಯೇ ತಿಳಿಯುತ್ತದೆ. ಪಾಲಕರು ಈ ಬೇಸಿಗೆಯಲ್ಲಿ ಮಕ್ಕಳಿಗೆ ಇನ್ನೊಂದು ಅರ್ಜಿಯನ್ನು ತುಂಬಿಸುವ ಮೊದಲು ಆ ಒಂದು ಮಾತನ್ನು ಕೇಳಲಿ ಎಂಬುದು ನಮ್ಮ ಆಶಯ.